ತೊಟ್ಟಿಲಮನಿ ತೊಳೆದ ದಿನ

ಪಾರ್ವತಿಬಾಯಿ ನಿಂತರೆ ನೆಟ್ಟಗೆ ನಿಲ್ಲುವುದಿಲ್ಲ. ಎಡಗಡೆಯ ಸೊಂಟ ಮೇಲೆದ್ದು, ಬಲಗಾಲು ಚೂರು ಮುಂದಾಗಿ, ಸೊಂಟದ ಮೇಲೆ ಕಾಣದ ಕೂಸೊಂದು ಕೂತಂತೆ ನಿಲ್ಲುತ್ತಾಳೆ. ಬೋರಿವಾಡಿಯ ಹೆಂಗಸರು ದೂರದಿಂದಲೇ ಆ ವಾರೆ ಗುರುತಿಸಿ, "ಪಾರಕ್ಕ ಬಂದ್ಳು ನೋಡು" ಅನ್ನುತ್ತಾರೆ. ಮುಪ್ಪಿಗೆ ಬಂದ ವಾರೆ ಅಲ್ಲ ಅದು. ಹುಡುಗಿಯಾಗಿದ್ದಾಗಲೇ ಬಂದದ್ದು.

ಅವಳ ತವರು ಗೋರ್ಟಾ. ಮನೆಗೆ ಹಿರಿಯ ಮಗಳು. ತಾಯಿ ಸೂರ್ಯ ಹುಟ್ಟುವ ಮುಂಚೆ ಕಳೆ ಕೀಳಲು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ಒಂದು ಕೂಸು ಇಳಿದು ನಡೆಯಲು ಕಲಿಯುವಷ್ಟರಲ್ಲಿ ಇನ್ನೊಂದು ಪಾರ್ವತಿಯ ಸೊಂಟಕ್ಕೇರುತ್ತಿತ್ತು. ರೊಟ್ಟಿ ತಿರುವಲು, ನೀರು ಸೇದಲು, ಕಸ ಹೊಡೆಯಲು ಬಲಗೈ ಬೇಕು. ಹಾಗಾಗಿ ಕೂಸು ಎಡಕ್ಕೆ. ಎಲುಬು ಎಳೆಯದಾಗಿದ್ದಾಗ ಹೇಗೆ ಬಗ್ಗಿಸಿದರೆ ಹಾಗೆ ಬೆಳೆಯುತ್ತದೆ, ಹಸಿ ಬಿದಿರಿನ ಹಾಗೆ.

ಊರ ಮಕ್ಕಳು ಓದುವ ಸಾಲಿ ಮನೆಯ ಹಿಂದೆಯೇ ಇತ್ತು. ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಅವಳು ಕಿಟಕಿಯ ಹೊರಗೆ ನಿಲ್ಲುತ್ತಿದ್ದಳು. ಒಳ್ಳೆಯ ಮಾಸ್ತರರು. ಒಂದು ದಿನ ಅಂದರು, "ಒಳಗ ಬಾ, ಕೂಡು. ಕೂಸಿಗಿ ಹೊರಗ ಬಿಟ್ಟು ಬಾ." ಹೊರಗೆ ಅಂದರೆ ಎಲ್ಲಿ ಎಂದು ಅವರೂ ಹೇಳಲಿಲ್ಲ, ಅವಳಿಗೂ ತಿಳಿಯಲಿಲ್ಲ. ಕಿಟಕಿಯಿಂದ ಕರಿಹಲಗೆಯ ಅರ್ಧವೇ ಕಾಣುತ್ತಿತ್ತು. ಅವಳಿಗೆ ಬಂದ ಅಕ್ಷರವೂ ಅಷ್ಟೇ, ಅರ್ಧ.

ಆಮೇಲೆ ಲಗ್ನವಾಗಿ ಬೋರಿವಾಡಿಗೆ ಬಂದಳು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸು ಕೈ ಮಾಡಿದರೆ ಮಾತ್ರ ನಿಲ್ಲುವ ಊರು. ಗಂಡ ಬಸವಣಪ್ಪ ಹಳ್ಳಿಖೇಡದ ಕಾರ್ಖಾನೆಗೆ ಬಂಡಿಯಲ್ಲಿ ಕಬ್ಬು ಹೊಡೆಯುತ್ತಿದ್ದ. ಟ್ರ್ಯಾಕ್ಟರುಗಳು ಬಂದ ಮೇಲೆ ಎತ್ತು ಮಾರಿ, ಬೇರೆಯವರ ಕಬ್ಬು ಹೇರುವ ಹಮಾಲನಾದ. ಎದೆಯ ಬ್ಯಾನಿ ಹಿಡಿದು ತೀರಿಹೋದ. ಮಕ್ಕಳಾಗಲಿಲ್ಲ. ಅಷ್ಟು ತಮ್ಮ-ತಂಗಿಯರನ್ನು ಹೊತ್ತ ಸೊಂಟಕ್ಕೆ ತನ್ನದೊಂದು ಏರಲಿಲ್ಲ.

ಹೀಗಿರುವಾಗ ಊರಿಗೆ ತೊಟ್ಟಿಲಮನಿ ಬಂತು. ಬೋರ್ಡಿನ ಮೇಲೆ ಸರಕಾರದ ಉದ್ದ ಹೆಸರೊಂದಿತ್ತು, ಅದನ್ನು ಯಾರೂ ಓದಲಿಲ್ಲ. ಕೂಲಿಗೆ ಹೋಗುವ ತಾಯಂದಿರು ಹಾಲು ಕುಡಿಯುವ ಕೂಸುಗಳನ್ನು, ಅಂಗನವಾಡಿಗೆ ಇನ್ನೂ ಸಲ್ಲದ ಮಕ್ಕಳನ್ನು ಬಿಟ್ಟು ಹೋಗುವ ಜಾಗ. ಸಾಲಿಯ ಪಕ್ಕದಲ್ಲಿ ಬೀಜ-ಗೊಬ್ಬರದ ಹಳೆಯ ಗೋದಾಮಿತ್ತು. ಸುಣ್ಣ ಬಳಿದು, ಷಹಾಬಾದಿ ಕಲ್ಲು ಹಾಸಿ ಕೊಟ್ಟರು. ಹಾಲಿನ ಪುಡಿ, ತತ್ತಿ, ಶೇಂಗಾ ಚಿಕ್ಕಿ ಬರುತ್ತಿತ್ತು. ನೋಡಿಕೊಳ್ಳಲು ಪಾರ್ವತಿಬಾಯಿಯನ್ನೇ ಇಟ್ಟರು. ಜಂತಿಗೆ ತನ್ನ ಹಳೇ ಸೀರೆಗಳನ್ನು ಕಟ್ಟಿ ಜೋಳಿಗೆ ತೊಟ್ಟಿಲು ಮಾಡಿದಳು. ಬೆಳಗಾದರೆ ಮಕ್ಕಳು ಬರುತ್ತಿದ್ದವು. ಮೂಗು ಸುರಿಸುವವು, ಕಚ್ಚುವವು, ಬಾಗಿಲಲ್ಲಿ ತಾಯಿಯ ಸೆರಗು ಬಿಡದವು. ಹೊರಗಿನಿಂದ ಬಂದವರಿಗೆ ಉಚ್ಚೆಯ ವಾಸನೆ ಹೊಡೆಯುತ್ತಿತ್ತು, ಅವಳಿಗೆ ಮಾತ್ರ ಹಾಲಿನ ವಾಸನೆ.

ಒಂದೇ ಕೊರತೆ. ಸರಕಾರದ ರೊಕ್ಕ ಅರ್ಧ ದಿನಕ್ಕೆ ಮಾತ್ರ ಇತ್ತು. ಮಧ್ಯಾಹ್ನದ ಊಟವಾದೊಡನೆ ಬಾಗಿಲು ಹಾಕಬೇಕು.

ಹಿಂದಿನ ಓಣಿಯ ಮುನ್ನಿ ಬೀ ಬಾಯಿ ಬಿಟ್ಟರೆ ಹರಿತ. ಎಲೆಯಡಿಕೆ ಒಂದು ಗಲ್ಲದಿಂದ ಇನ್ನೊಂದಕ್ಕೆ ಹೊರಳಿಸಿ ಕೇಳಿದ್ದಳು, "ಪಾರಕ್ಕಾ, ನಿನ್ನ ಸರಕಾರದ ಮಕ್ಕಳಿಗಿ ದೋಪಹರ ಆದ ಮ್ಯಾಲ ಹಸಿವಿ ಆಗಾಂಗಿಲ್ಲೇನು?"

"ಸರಕಾರ ನಂದೇನವ್ವಾ? ನಂದಾಗಿದ್ರ ರಾತ್ರಿ ಪೂರಾ ತೂಗತಿದ್ದೆ" ಎಂದಿದ್ದಳು ಪಾರ್ವತಿಬಾಯಿ.

ಮುನ್ನಿ ಬೀಯ ಪಕ್ಕದ ಮನೆಯವಳು ಹುಮೇರಾ. ಗಂಡ ನದೀಮ್ ಲಾರಿಯ ಮೇಲೆ. ಬಂದಾಗ ಬಂದ, ಇಲ್ಲದಾಗ ಇಲ್ಲ. ಹುಮೇರಾ ಹುಮನಾಬಾದಿನ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡಲು ಹೋಗುತ್ತಿದ್ದಳು. ಬೆಳಗಿನ ಟಂಟಂ ರಿಕ್ಷಾ ಹಿಡಿದರೆ ವಾಪಸು ಬರುವುದು ಹೊತ್ತು ಮುಳುಗುವಾಗ. ಅವಳಿಗೆ ಇಬ್ಬರು. ನಾಲ್ಕನೇ ಇಯತ್ತೆಯ ಫರ್ಹೀನ್, ಇನ್ನೂ ಎರಡು ತುಂಬದ ಸೋಹೇಲ. ತೊಟ್ಟಿಲಮನಿ ಬರುವ ಮುಂಚೆ ಫರ್ಹೀನಳ ಹೆಸರು ಸಾಲಿಯಲ್ಲಿತ್ತು, ಹುಡುಗಿ ಮನೆಯಲ್ಲಿದ್ದಳು, ತಮ್ಮ ಅವಳ ಸೊಂಟದಲ್ಲಿದ್ದ. ಬಂದ ಮೇಲೆ ಮುಂಜಾನೆಯಷ್ಟೂ ಸಾಲಿಗೆ ಹೋದಳು. ಮಧ್ಯಾಹ್ನದ ಗಂಟೆಯಾಗಿ ಬಿಸಿಯೂಟ ಮುಗಿದೊಡನೆ, ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದು ಸೋಹೇಲನನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು.

"ಅಜ್ಜಿ, ನನಗ ಕೂಡಿಸೂದು ಬರ್ತದ, ಕಳಿಯೂದು ಬರ್ತದ" ಎಂದು ಒಂದು ದಿನ ಹೇಳಿದಳು.

"ಭಾಗಸೂದು?"

"ಅದು ಊಟ ಆದ ಮ್ಯಾಲ ಕಲಸ್ತಾರ."

ಹೇಳಿ ನಕ್ಕಳು. ನಗುತ್ತಲೇ ತಮ್ಮನನ್ನು ಎತ್ತಿ ಎಡಗಡೆಗೆ ಹಾಕಿಕೊಂಡಳು. ಸೊಂಟ ಹೊರಗೆ ಬಂತು, ಬಲಗಾಲು ಚೂರು ಮುಂದಾಯಿತು. ಪಾರ್ವತಿಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದಳು. ಹುಡುಗಿಯ ಬೆನ್ನು ಇನ್ನೂ ಪೂರ್ತಿ ಬಗ್ಗಿರಲಿಲ್ಲ. ಕೂಸು ಇಳಿಸಿದರೆ ನೆಟ್ಟಗಾಗುತ್ತಿತ್ತು. ಇನ್ನೊಂದೆರಡು ವರ್ಷ ಹೀಗೇ ನಡೆದರೆ ಇಳಿಸಿದರೂ ನೆಟ್ಟಗಾಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಆ ದಿನದಿಂದ ಅವಳ ತಲೆಯಲ್ಲಿ ಒಂದೇ ಕೂತಿತು. ಈ ಬಾಗಿಲು ಸಂಜೆಯ ತನಕ ತೆರೆದಿರಬೇಕು, ಆ ಹುಡುಗಿ ಸಾಲಿಯ ಕೊನೆಯ ಗಂಟೆ ಕೇಳಬೇಕು.

ಬೇಡಿದ್ದು ಬಾಗಿಲಿಗೇ ಬಂದ ಹಾಗಾಯಿತು. ಪಂಚಾಯಿತಿ ಮೆಂಬರ್ ಗುರುಲಿಂಗ ಒಂದು ಮಧ್ಯಾಹ್ನ ಗಾಡಿ ನಿಲ್ಲಿಸಿ, ಇಳಿಯದೆಯೇ ಹೇಳಿದ, "ಪಾರಕ್ಕಾ, ಸರಕಾರ ಈ ಸಲ ಕೂಸುಗಳ ರೊಕ್ಕ ಹೆಚ್ಚು ಮಾಡ್ಯದ. ಚೊಲೋ ನಡಿಯೋ ಊರಾಗ ಸಂಜೀತನ ತೆರಿತಾರ. ಅಡಗಿ ಖೋಲಿ ಕಟ್ಟತಾರ, ನಿನ್ನ ಕೈಕೆಳಗ ಇನ್ನೊಬ್ಬಾಕಿ ಬರ್ತಾಳ. ಸೋಮವಾರ ಸಾಹೇಬ್ರು ಬಂದು ನೋಡಿ ಹೋಗ್ತಾರ."

"ಏನು ನೋಡ್ತಾರ್ರಿ?"

"ಏನು ನೋಡ್ತಾರ? ಜಾಗಾ ನೋಡ್ತಾರ. ಚೊಕ್ಕ ಇಡು. ಮೂಗು ಮುಚಗೊಂಡು ಹೋಗಬಾರ್ದು ನೋಡು ಮತ್ತ" ಎಂದು ನಕ್ಕು ಹೋದ.

ಚೊಕ್ಕ ಇಡುವುದೆಂದರೆ ಏನೆಂದು ಪಾರ್ವತಿಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತವರಿನಲ್ಲಿ ವರ್ಷಕ್ಕೊಮ್ಮೆ ಅಯ್ಯನವರು ಪಾದಪೂಜೆಗೆ ಬರುತ್ತಿದ್ದರು. ಹಿಂದಿನ ದಿನವೇ ಮನೆಯ ಪಾತ್ರೆ-ಪಡಗ ಹೊರಬೀಳುತ್ತಿದ್ದವು. ನೆಲ ಸಾರಿಸಿ, ಹೊಸ್ತಿಲು ತೊಳೆದು, ರಂಗೋಲಿ ಹಾಕಿ, ಗದ್ದುಗೆಗೆ ಮಡಿ ಹಚ್ಚಡ ಹಾಸುತ್ತಿದ್ದರು. ಅಯ್ಯನವರು ಬರುವ ಹೊತ್ತಿಗೆ ಮನೆಯ ಮಕ್ಕಳನ್ನೆಲ್ಲ ಪಕ್ಕದ ಮನೆಯ ಅಂಗಳಕ್ಕೆ ಅಟ್ಟುತ್ತಿದ್ದರು. ಕೂಸು ಮಡಿ ಅರಿಯದು, ಪೂಜೆಯ ನಡುವೆ ಉಚ್ಚೆ ಹೊಯ್ದರೆ ಬಂದ ಗುರುವಿಗೆ ಅಪಮಾನ. ಅಯ್ಯನವರು ಕೂತು, ಪಾದ ತೊಳೆದು, ಪ್ರಸಾದವಾದ ಮೇಲೆ, "ಮಕ್ಕಳೆಲ್ಲಿ? ಕರೀರಿ" ಎಂದು ಅವರೇ ಕೇಳುತ್ತಿದ್ದರು. ಆಗ ಎಣ್ಣೆ ಹಚ್ಚಿ ಬಾಚಿದ ತಲೆಗಳು ಸಾಲಾಗಿ ಬಂದು ಅಡ್ಡ ಬೀಳುತ್ತಿದ್ದವು. ದೊಡ್ಡವರು ಬಂದರೆ ಮನೆಯ ಮರ್ಯಾದೆ ಇರುವುದು ಹೀಗೆ. ಅವಳಿಗೆ ಬೇರೆ ರೀತಿ ಗೊತ್ತಿರಲಿಲ್ಲ, ಬೇರೆ ರೀತಿ ಇರಬಹುದು ಎಂಬುದೂ ಹೊಳೆಯಲಿಲ್ಲ.

ರವಿವಾರ ಇಡೀ ದಿನ ತೊಳೆದಳು. ಜಂತಿಯ ಜೋಳಿಗೆಗಳನ್ನು ಬಿಚ್ಚಿ, ಒಗೆದು, ಒಣಗಿಸಿ, ಮಡಚಿ ಮೇಲಿಟ್ಟಳು. ಗೋಡೆಯ ಮೇಲೆ ಮಕ್ಕಳ ಎಣ್ಣೆಗೈ ಗುರುತುಗಳಿದ್ದವು, ಸೋಹೇಲ ಇದ್ದಿಲಿನಿಂದ ಗೀಚಿದ್ದೊಂದಿತ್ತು. ಎಲ್ಲದರ ಮೇಲೂ ಸುಣ್ಣ ಎಳೆದಳು. ಮುರಿದ ಆಟಿಕೆ, ತಗಡಿನ ಗಿಲಕಿ, ಒದ್ದೆ ಚಿಂದಿಗಳನ್ನು ಚೀಲಕ್ಕೆ ತುಂಬಿ ತನ್ನ ಮನೆಗೆ ಒಯ್ದಳು. ಕಲ್ಲುಹಾಸನ್ನು ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದಳು.

ಸೋಮವಾರ ಬೆಳಿಗ್ಗೆ ಸಾಲಿಗೆ ಹೊರಟ ಫರ್ಹೀನ್ ಬಾಗಿಲಲ್ಲಿ ಇಣುಕಿದಳು. "ಅಯ್ಯೋ ಅಜ್ಜಿ, ಮಸೂತಿ ಆಗ್ಯದಲ್ಲ!" ಎಂದಳು. ಆಮೇಲೆ ದನಿ ಇಳಿಸಿ, "ಸಾಹೇಬ್ರು ನೋಡಿ ಹೋದ್ರ ನಾಳಿಂದ ನಾ ಸಂಜೀತನ ಕೂಡಬಹುದೇನು?" ಎಂದು ಕೇಳಿದಳು.

"ನಾಳೀನೇ ಅಂದ್ರ ಹ್ಯಾಂಗವ್ವ? ಖೋಲಿ ಕಟ್ಟಬೇಕು, ಹುಕುಂ ಬರಬೇಕು. ಮಳಿಗಾಲಕ್ಕ ಕೂಡ್ತಿ, ಹೋಗು."

ಮಕ್ಕಳನ್ನೆಲ್ಲ ಮುನ್ನಿ ಬೀಯ ಅಂಗಳದಲ್ಲಿ ಕೂಡಿಸಿದ್ದಾಯಿತು. ಎಣ್ಣೆ, ಕಾಡಿಗೆ, ಪೌಡರು, ಒಗೆದ ಅಂಗಿ. ಸಾಹೇಬರು ಕೂತು ಚಹಾ ಕುಡಿದ ಮೇಲೆ ಕರೆಸುವುದು ಎಂದು ಮಾತಾಗಿತ್ತು. ಮುನ್ನಿ ಬೀಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. ಅವಳ ಮಗಳು ಆಯೆಷಾ ಮನ್ನಾಏಖೇಳ್ಳಿಯಿಂದ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. "ಮಕ್ಕಳು ಜಾಸ್ತಿ ಕಂಡ್ರ ಮಂಜೂರಿ ಭೀ ಜಾಸ್ತಿ ಆಗ್ತದ" ಎಂದು ಆ ಮೊಮ್ಮಕ್ಕಳನ್ನೂ ಗುಂಪಿಗೆ ಸೇರಿಸಿದಳು. ಇದನ್ನು ಪಾರ್ವತಿಬಾಯಿಗೆ ಹೇಳಲಿಲ್ಲ. ಒಳ್ಳೆಯದಕ್ಕೆ ಮಾಡಿದ್ದನ್ನು ಯಾರು ಕೇಳಿ ಮಾಡುತ್ತಾರೆ?

ಬಿಸಿಲೇರುವ ಹೊತ್ತಿಗೆ ಜೀಪು ಬಂತು. ಸಾಹೇಬರು ಹರೆಯದವರು, ಚಷ್ಮಾ ಹಾಕಿದವರು, ಧೂಳು ಕುಡಿದು ಬಂದವರು. ಜೊತೆಗೆ ಗುರುಲಿಂಗ. ಸಾಹೇಬರು ಹೊಸ್ತಿಲ ರಂಗೋಲಿ ತುಳಿಯದೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಆ ಮರ್ಯಾದೆ ಕಂಡು ಪಾರ್ವತಿಬಾಯಿಯ ಎದೆ ಹಗುರಾಯಿತು. ಹಚ್ಚಡ ಹಾಸಿದ ಕುರ್ಚಿ ತೋರಿಸಿ ಕೈಮುಗಿದಳು.

"ಕುಂಡ್ರರಿ ಸಾಹೇಬ್ರ. ನೀರು ಕುಡೀರಿ."

ಸಾಹೇಬರು ಕೂಡಲಿಲ್ಲ. ನೆಲ ನೋಡಿದರು, ಗೋಡೆ ನೋಡಿದರು, ತೊಟ್ಟಿಲಿಲ್ಲದ ಜಂತಿ ನೋಡಿದರು.

"ಇಲ್ಲಿ ಮಕ್ಕಳಿದ್ದ ಗುರುತೇ ಇಲ್ಲವಲ್ಲ?"

"ಇಲ್ರಿ ಸಾಹೇಬ್ರ" ಎಂದಳು ಅವಳು, ಹೆಮ್ಮೆಯಿಂದ. "ನಿನ್ನಿ ಪೂರಾ ನಿಂತು ತೊಳದೀನಿ. ಒಂದು ಗುರುತು ಉಳಿಸಿಲ್ಲ."

ಸಾಹೇಬರು ಗುರುಲಿಂಗನ ಮುಖ ನೋಡಿದರು. ಗುರುಲಿಂಗ ಜಂತಿ ನೋಡಿದ. ಸಾಹೇಬರು ಮೊಬೈಲು ತೆಗೆದು, ಬಾಗಿಲಿಗೆ ಬೆನ್ನು ಹಾಕಿ ನಿಂತು, ಆ ಹೊಳೆಯುವ ಖಾಲಿ ನೆಲದ ಫೋಟೋ ತೆಗೆದರು.

"ಮಕ್ಕಳೆಲ್ಲಿ ಅಜ್ಜಿ?"

ಅವಳು ಕಾಯುತ್ತಿದ್ದ ಮಾತು ಅದೇ. ಚಹಾ ಆಗಿರಲಿಲ್ಲ, ಆದರೂ ದೊಡ್ಡವರೇ ಕೇಳಿದರಲ್ಲ. "ಅದಾವ್ರಿ, ಅದಾವ್ರಿ! ಈಗ ಕರಸ್ತೀನಿ" ಎಂದು ಬಾಗಿಲಿಗೆ ಓಡಿ, ಓಣಿಯ ಕಡೆ ಬಾಯಿ ಮಾಡಿ ಕೂಗಿದಳು, "ಏ ಮುನ್ನಿ ಬೀ! ಮಕ್ಕಳಿಗಿ ತಗೊಂಡು ಬಾರವ್ವಾ! ಜಲ್ದಿ!"

ಆ ಕೂಗು ಕೇಳಿ ಸಾಹೇಬರು ಮೊಬೈಲು ಜೇಬಿಗಿಟ್ಟು ಉಸಿರು ಬಿಟ್ಟರು. ಓಣಿಯ ತಿರುವಿನಿಂದ ಮಕ್ಕಳ ಹಿಂಡು ಬಂತು. ಮುಂದೆ ಎರಡು ಬಗಲಿಗೆ ಎರಡು ಕೂಸು ಎತ್ತಿಕೊಂಡ ಮುನ್ನಿ ಬೀ, ಹಿಂದೆ ಆಯೆಷಾ, ನಡುವೆ ಅಳುವವು, ಎಡವುವವು, ಕಾಡಿಗೆ ಗಲ್ಲಕ್ಕೆ ಹರಿದವು. ಎಲ್ಲ ಜಾತ್ರೆಗೆ ಹೊರಟ ಅಂಗಿಗಳು. ಅವುಗಳ ನಡುವೆ ಒಬ್ಬ ದೊಡ್ಡ ಹುಡುಗ, ಹಾಲುಹಲ್ಲು ಬಿದ್ದವನು, ಯಾವುದೋ ಸಾಲಿಯ ಬಿಲ್ಲೆ ಹಚ್ಚಿದ ಅಂಗಿ ಹಾಕಿದ್ದ.

ಸಾಹೇಬರು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಹೆಸರೇನು?"

"ಫಾಜಿಲ್."

"ಯಾವ ಊರಪ್ಪಾ?"

ಹುಡುಗ ಗಟ್ಟಿಯಾಗಿ ಹೇಳಿದ, "ಮನ್ನಾಏಖೇಳ್ಳಿ!"

ಮುನ್ನಿ ಬೀ ಅವನ ತಲೆಯ ಮೇಲೆ ಒಂದು ಕೊಟ್ಟಳು. ಹುಡುಗ ಅಳತೊಡಗಿದ, ಅವನನ್ನು ಕಂಡು ಉಳಿದವೂ ಶುರುಮಾಡಿದವು.

"ಇವು ಮುನ್ನಿ ಬೀ ಮಗಳ ಮಕ್ಕಳ್ರಿ, ಪಾವಣೇರು" ಎಂದಳು ಪಾರ್ವತಿಬಾಯಿ. ಅವಳಿಗೇ ಆಗ ಗೊತ್ತಾಗಿತ್ತು. "ಉಳಕಿವೆಲ್ಲಾ ನಮ್ಮವೇ. ದಿನಾ ಬರ್ತಾವ್ರಿ. ಇದು ಸೋಹೇಲ, ಇದಕ್ಕ ಬಿಸಿಹಾಲು ಸೇರಾಂಗಿಲ್ಲ, ಆರಿಸಿ ಕೊಡಬೇಕು. ಇದು ಮಲಗಬೇಕಾದ್ರ ಕಿವಿ ಹಿಡಕೋತದ..."

ಸಾಹೇಬರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಕಾಲಿಗಾದರೂ ಬೀಳಬಹುದಿತ್ತು. ದಣಿದ ದನಿಯಲ್ಲಿ ಹೇಳಿದರು, "ಅಜ್ಜಿ, ಮುಂಜಾನೆಯಿಂದ ಇದು ಮೂರನೇ ಊರು. ಹಿಂದಿನ ಎರಡರಲ್ಲೂ ಹೀಗೇ ಮನೆಮನೆಯಿಂದ ಮಕ್ಕಳನ್ನು ಹಿಡಿದು ತಂದು ತೋರಿಸಿದರು. ನೀವೂ ಅದನ್ನೇ ಮಾಡಿದಿರಿ. ನಿಜವಾಗಿ ಮಕ್ಕಳಿರುವ ಕಡೆ ಹಣ ಕೊಡೋಣ ಅಂತ ನಾನು ಓಡಾಡುವುದು."

"ನಿಜವಾಗಿ ಅದಾವ್ರಿ..."

"ಇದ್ದರೆ ಒಳಗೆ ಇರುತ್ತಿದ್ದವಲ್ಲ ಅಜ್ಜಿ."

ನಿಮ್ಮ ಸಲುವಾಗಿಯೇ ಹೊರಗೆ ಕಳಿಸಿದ್ದೆ ಅನ್ನುವ ಮಾತು ನಾಲಿಗೆಗೆ ಬರುವಷ್ಟರಲ್ಲಿ ಜೀಪು ಹೊರಟಿತ್ತು. ಚಹಾ ಕಿಟ್ಲಿಯಲ್ಲೇ ಆರಿತು. ಸೋಹೇಲ ತೊಳೆದ ಕಲ್ಲಿನ ಮೇಲೆ ಕೂತು ಉಚ್ಚೆ ಹೊಯ್ದ. ಪಾರ್ವತಿಬಾಯಿ ಒರೆಸಲಿಲ್ಲ.

ಊರಿಗೆ ಸುದ್ದಿ ಬಂದಾಗ ತೊಗರಿ ಹೂ ಬಿಟ್ಟಿತ್ತು. ಸಂಜೆಯ ತನಕ ತೆರೆಯುವ ರೊಕ್ಕ ಬೇರೆ ಊರುಗಳಿಗೆ ಹೋಯಿತು. ಅಷ್ಟೇ ಅಲ್ಲ, ಬೋರಿವಾಡಿಯಲ್ಲಿ ಮಕ್ಕಳೇ ಇಲ್ಲವೆಂದು ಅರ್ಧ ದಿನದ್ದೂ ನಿಂತಿತು. ಗುರುಲಿಂಗ ಬೀಗ ತಂದ.

"ನೀವರೆ ಹೇಳ್ರಿ ಗುರುಲಿಂಗಪ್ಪಾ. ದಿನಾ ಇದೇ ಹಾದಿ ಹಿಡದು ಹೋಗವ್ರು ನೀವು. ಮಕ್ಕಳ ಅಳು ಕೇಳಿಲ್ಲೇನು?"

"ಕೇಳೀನಿ. ನನ್ನ ಕಿವಿ ಕೇಳಿದ್ದು ಅವರ ಫೋಟೋದಾಗ ಬರ್ತದೇನು? ನಾ ಹೇಳಿದ್ದು ಚೊಕ್ಕ ಇಡು ಅಂತ. ಮಕ್ಕಳಿಗಿ ಬಚ್ಚಿಡು ಅಂದಿದ್ನೇನು ನಿನಗ?" ಎಂದು ಕೀಲಿ ತಿರುವಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು.

ಓಣಿಯ ಹೆಂಗಸರು ಎದುರಿಗೇ ಅಂದರು. "ಬ್ಯಾರೆ ಊರಾಗ ಇಲ್ಲದ ಮಕ್ಕಳಿಗಿ ತೋರಿಸಿ ರೊಕ್ಕ ತಂದ್ರು. ನಮ್ಮ ಪಾರಕ್ಕ ಇದ್ದ ಮಕ್ಕಳಿಗಿ ಮುಚ್ಚಿ ಕಳಕೊಂಡ್ಳು" ಎಂದು ನಕ್ಕರು. ನಕ್ಕವರೂ ಮರುದಿನ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಕಬ್ಬಿನ ಹೊಲಕ್ಕೆ ಹೋದರು. ಮುನ್ನಿ ಬೀಯ ಅಷ್ಟು ಹರಿತದ ಬಾಯಿ ಆಮೇಲೆ ಪಾರ್ವತಿಬಾಯಿಯನ್ನು ಕಂಡರೆ ಎಲೆ ಅಗಿಯುವುದರಲ್ಲೇ ಇರುತ್ತಿತ್ತು.

ಸಾಹೇಬರನ್ನು ಕಂಡು ಕೇಳಲು ಹುಮೇರಾ ಒಂದು ದಿನದ ಕೂಲಿ ಬಿಟ್ಟಳು. ಪಾರ್ವತಿಬಾಯಿ ಮಡಿ ಸೀರೆ ಉಟ್ಟು ಸೋಹೇಲನನ್ನು ಸೊಂಟಕ್ಕೇರಿಸಿದಳು. "ಇದನ್ನಾದ್ರೂ ಕಣ್ಣಿಲೆ ನೋಡಲಿ" ಎಂದಳು. ಹುಮನಾಬಾದಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಕೇಳಿಕೊಂಡು ಕೇಳಿಕೊಂಡು ಕಚೇರಿಗೆ ಹೋದರು. ಆ ಸಾಹೇಬರಿಗೆ ವರ್ಗವಾಗಿತ್ತು. ಅವರ ಕೆಲಸ ಸದ್ಯಕ್ಕೆ ಬಸವಕಲ್ಯಾಣದಲ್ಲಿರುವ ಇನ್ನೊಬ್ಬರು ನೋಡುತ್ತಾರೆ ಎಂದರು. ಮತ್ತೆ ಬಸ್ಸು. ಬೋರಿವಾಡಿ ದಾರಿಯಲ್ಲೇ ಬಂತು, ಕಿಟಕಿಯಿಂದ ಬೀಗದ ಬಾಗಿಲು ಕಂಡಿತು.

ಬಸವಕಲ್ಯಾಣದ ಸಾಹೇಬರು ಕುರ್ಚಿ ಕೊಟ್ಟು ಕೂಡಿಸಿದರು. ಪಾರ್ವತಿಬಾಯಿ ಬಿಡದೆ ಎಲ್ಲ ಹೇಳಿದಳು. ತೊಳೆದದ್ದು, ಮಡಚಿದ್ದು, ಅಟ್ಟಿದ್ದು, ಕೂಗಿದ್ದು, ಮನ್ನಾಏಖೇಳ್ಳಿಯ ಹುಡುಗ. ಮುಚ್ಚಿಡಲಿಲ್ಲ, ಹಚ್ಚಿ ಹೇಳಲಿಲ್ಲ. ಅವರು ಪೂರ್ತಿ ಕೇಳಿದರು. ನಂಬಿದರು ಕೂಡ, ಮುಖದಲ್ಲೇ ಕಂಡಿತು.

"ಅಜ್ಜಿ, ನಿಮ್ಮ ಮಾತು ಖರೇ ಅದ. ಆದ್ರ ಈ ಸಲದ್ದು ಎಲ್ಲಾ ಹಂಚಿ ಮುಗದದ. ಮುಂದ ಸರಕಾರ ಮತ್ತ ರೊಕ್ಕ ಬಿಟ್ಟಾಗ ನಿಮ್ಮ ಊರಿನ ಹೆಸರು ಮೊದಲ ಹಾಕೋಣ."

"ಮುಂದ ಅಂದ್ರ ಯಾವಾಗ್ರಿ?"

"ವರ್ಷ ಆಗಬಹುದು, ಎರಡು ಆಗಬಹುದು. ನನ್ನ ಕೈಯಾಗಿಲ್ಲ."

ಪಾರ್ವತಿಬಾಯಿ ತೊಡೆಯ ಮೇಲೆ ನಿದ್ದೆ ಹೋಗಿದ್ದ ಸೋಹೇಲನನ್ನು ನೋಡಿದಳು. "ಅಲ್ಲೀತನ ಇದು ಕೂಸಾಗೇ ಇರ್ತದೇನ್ರಿ ಸಾಹೇಬ್ರ?"

ಅವರು ಮೇಜಿನ ಮೇಲಿನ ಪೇಪರ್‌ವೇಟು ಈಚೆಯಿಂದ ಆಚೆಗಿಟ್ಟರು. ಸಿಪಾಯಿಗೆ ಹೇಳಿ ಚಹಾ ತರಿಸಿದರು. ಈ ಸಲ ಚಹಾ ಕುಡಿಯಬೇಕಾದವಳು ಅವಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಹುಮೇರಾ ಹೇಳಿದಳು, "ಫರ್ಹೀನ್‌ಗ ಸಾಲಿ ಬಿಡಸ್ತೀನಿ ಅಮ್ಮಾ. ಮಿಲ್ಲಿನಾಗ ಕೂಸಿಗಿ ಒಳಗ ಬಿಡಾಂಗಿಲ್ಲ, ಮಶೀನ್ ಅದಾವ. ನಾ ಬಿಟ್ರ ಒಲಿ ಹತ್ತಾಂಗಿಲ್ಲ. ಮತ್ತ ಏನ್ ಮಾಡ್ಲಿ, ನೀವೇ ಹೇಳ್ರಿ."

"ನಾ ಇಟ್ಟಕೋತೀನಿ. ನನ್ನ ಮನ್ಯಾಗ."

"ನೀವು ಉಣ್ಣೂದೇನು?"

"ಅದು ನನಗ ಬಿಡು. ನನ್ನ ಮ್ಯಾಲ ಸಿಟ್ಟಿಲ್ಲೇನವ್ವಾ ನಿನಗ?"

ಹುಮೇರಾ ಕಿಟಕಿಯ ಹೊರಗೆ ನೋಡುತ್ತ ಅಂದಳು, "ಸಿಟ್ಟು ಮಾಡಾಕ ಭೀ ಪುರಸೊತ್ತು ಬೇಕಲ್ಲಮ್ಮಾ."

ಅಂದಂತೆ ಇಟ್ಟುಕೊಂಡಳು. ಸೋಹೇಲನೊಬ್ಬನೇ ಎಂದುಕೊಂಡಿದ್ದಳು. ಸುದ್ದಿ ತಿಳಿದು ಉಳಿದವರೂ ತಂದು ಬಿಟ್ಟರು, ಅವಳಿಗೆ ಒಲ್ಲೆ ಅನ್ನಲು ಬರಲಿಲ್ಲ. ತಗಡಿನ ಒಂದೇ ಖೋಲಿ. ಹಾಲಿನ ಪುಡಿ ಇಲ್ಲ, ತತ್ತಿ ಇಲ್ಲ, ಕುಡಿಯುವ ನೀರು ದೂರದ ನಳದಿಂದ. ಗಂಜಿ ಕಾಯಿಸಿ ಕುಡಿಸಿದಳು. ಒಂದು ಕೂಸಿಗೆ ಭೇದಿ ಹಿಡಿಯಿತು, ಎರಡು ದಿನದಲ್ಲಿ ಇನ್ನೆರಡಕ್ಕೆ. ಒಂದನ್ನು ಹುಮನಾಬಾದಿನ ದವಾಖಾನೆಗೆ ಒಯ್ದು ಸಲಾಯಿನ್ ಹಚ್ಚಿಸಬೇಕಾಯಿತು. ಉಳಿಯಿತು. ಆದರೆ ಅದರ ತಂದೆ ಬಾಗಿಲಿಗೆ ಬಂದು, "ನಿನ್ನ ಹೊಟ್ಟ್ಯಾಗ ಹುಟ್ಟಿದ್ರ ಗೊತ್ತಾಗ್ತಿತ್ತು" ಎಂದು ಹೋದ. ಪಾರ್ವತಿಬಾಯಿ ಅಂದೇ ಮಕ್ಕಳನ್ನು ಅವರವರ ಮನೆಗೆ ಮುಟ್ಟಿಸಿದಳು. ಕೊನೆಗೆ ಸೋಹೇಲನನ್ನು.

ಹಿಟ್ಟಿನ ಡಬ್ಬಿಯ ತಳ ಕಂಡ ಮೇಲೆ ಅವಳೂ ಕುರ್ಪಿ ಹಿಡಿದು ಗುರುಲಿಂಗನ ಹೊಲಕ್ಕೆ ಕಳೆ ತೆಗೆಯಲು ಹೋದಳು. ಕೂತು ಸರಿಯುವ ಕೆಲಸ. ಆ ವಾರೆ ಸೊಂಟಕ್ಕೆ ಕೂತರೆ ಏಳಲಾಗದು, ಎದ್ದರೆ ಕೂಡಲಾಗದು. ಜೊತೆಯ ಹುಡುಗಿಯರು ಎರಡು ಸಾಲು ಮುಗಿಸಿದರೆ ಇವಳದು ಒಂದು ಮುಗಿಯುತ್ತಿರಲಿಲ್ಲ. ಹೊಲಕ್ಕೆ ಹೋಗುವ ದಾರಿ ಸಾಲಿಯ ಹಿಂದಿನಿಂದಲೇ. ತೊಟ್ಟಿಲಮನಿಯ ಬೀಗಕ್ಕೆ ಆಗಲೇ ತುಕ್ಕು ಹಿಡಿದಿತ್ತು. ಒಳಗೆ ಯಾರದೋ ಗೊಬ್ಬರದ ಚೀಲಗಳು ಬಂದಿದ್ದವು. ಹಾಲಿನ ವಾಸನೆ ಹೋಗಿ ಯೂರಿಯಾದ್ದು ಬರುತ್ತಿತ್ತು.

ಒಂದು ದಿನ ಹಾಗೆ ಹೋಗುವಾಗ ಸಾಲಿಯ ಕಿಟಕಿಯ ಹೊರಗೆ ಫರ್ಹೀನ್ ನಿಂತಿದ್ದಳು. ಸೋಹೇಲ ಎಡಗಡೆ ಸೊಂಟದಲ್ಲಿ, ಭಾರಕ್ಕೆ ಅವಳ ಕುತ್ತಿಗೆಯ ನರ ಎದ್ದಿತ್ತು. ಒಳಗಿನಿಂದ ಪಾಠ ಹೇಳುವ ಬಾಯಿಯವರ ದನಿ ಕೇಳುತ್ತಿತ್ತು. "ಫರ್ಹೀನ್, ಒಳಗ ಬಾರವ್ವ, ಕೂಸಿಗಿ ಮನ್ಯಾಗ ಬಿಟ್ಟು ಬಾ." ಫರ್ಹೀನ್ ಹೂಂ ಅಂದಳು. ಹೋಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಳಗಿನ ದನಿ ಪಾಠಕ್ಕೆ ತಿರುಗಿತು.

ಪಾರ್ವತಿಬಾಯಿ ಹತ್ತಿರ ಹೋಗಿ ನಿಂತಳು. ಇಬ್ಬರೂ ಒಂದೇ ವಾರೆಯಲ್ಲಿ ನಿಂತಿದ್ದರು, ಒಬ್ಬಳ ಸೊಂಟದಲ್ಲಿ ಕೂಸಿತ್ತು, ಇನ್ನೊಬ್ಬಳದು ಖಾಲಿ. ಕಿಟಕಿಯಿಂದ ಕರಿಹಲಗೆಯ ಅರ್ಧ ಕಾಣುತ್ತಿತ್ತು. ಭಾಗಾಕಾರ. ಮೇಲೆ ಬರೆದದ್ದು ಕಾಣುತ್ತಿತ್ತು, ಉತ್ತರ ಗೋಡೆಯ ಮರೆಗಿತ್ತು.

"ಅಜ್ಜಿ, ಈಗ ಮುಂಜಾನೀನೇ ಕಲಸಾಕತ್ತಾರ" ಎಂದಳು ಫರ್ಹೀನ್.

ನಾನೇ ಕೈಯಾರೆ ಹೀಗೆ ಮಾಡಿದೆ ಎಂದುಕೊಂಡಳು ಪಾರ್ವತಿಬಾಯಿ. ಮಳೆಗಾಲಕ್ಕೆ ಕೂಡುತ್ತಿ ಅಂದಿದ್ದವಳೂ ತಾನೇ. ಮಳೆಗಾಲ ಬಂದು ಹೋಗಿತ್ತು. ಕುರ್ಪಿ ಕಂಕುಳಿಗೆ ಸಿಕ್ಕಿಸಿ, ಸೋಹೇಲನನ್ನು ಮೆಲ್ಲಗೆ ಎತ್ತಿ ಹುಡುಗಿಯ ಬಲಸೊಂಟಕ್ಕೆ ಕೂಡಿಸಿದಳು.

"ಈ ಕಡೀನೂ ಇಟ್ಟಕೋ ಒಂದಿಷ್ಟು ಹೊತ್ತು. ಬದಲಿ ಮಾಡ್ಕೋತ ಇರು. ಒಂದೇ ಕಡಿ ಬ್ಯಾಡವ್ವ. ನನ್ನ ಮಾತು ಮರೀಬ್ಯಾಡ."

"ಹೂಂ ಅಜ್ಜಿ."

ಅವಳಲ್ಲಿ ಕೊಡಲು ಉಳಿದದ್ದು ಅಷ್ಟೇ. ಹೊಲದ ದಾರಿ ಹಿಡಿದಳು. ಬೇಲಿಯ ಹತ್ತಿರ ಹೋಗಿ ತಿರುಗಿ ನೋಡಿದಳು. ಕೂಸು ಆಗಲೇ ಎಡಕ್ಕೆ ಬಂದಿತ್ತು. ಫರ್ಹೀನ್ ಬಲಗೈ ಬೆರಳಿನಿಂದ ಕಿಟಕಿಯ ಕಟ್ಟೆಯ ಧೂಳಿನಲ್ಲಿ ಲೆಕ್ಕ ಬರೆಯುತ್ತಿದ್ದಳು.